ಬಿಲ್ಲಿನಲ್ಲಿ ಎಂಟನೇ ತಲೆಮಾರು, ಬೋರ್ಡಿನ ಮೇಲೆ ಆರನೆಯದು: ಶಾಲಾ ಲ್ಯಾಬಿನ ಪ್ರೊಸೆಸರ್ ಪತ್ತೆಯ ಒಂದು ಪ್ರಕರಣ

ಹಿನ್ನೆಲೆ

ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆಯಲ್ಲಿ 2025ರ ಬೇಸಿಗೆ ರಜೆಯಲ್ಲಿ ಶುರುವಾಗಿ ಮುಂದಿನ ಕೆಲವು ತಿಂಗಳು ನಡೆದ ಪ್ರಕರಣವಿದು. ಶಾಲೆಯ, ಮಾರಾಟಗಾರರ ಮತ್ತು ಸಂಬಂಧಪಟ್ಟವರ ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ.

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿದ್ದ ಯಂತ್ರಗಳು ದುರಸ್ತಿಯ ಹಂತ ದಾಟಿದ್ದವು. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಲ್ಲಿ ಹೊಸ ಯಂತ್ರಗಳು ಬರುವಂತಿರಲಿಲ್ಲವಾದ್ದರಿಂದ, ದೊಡ್ಡ ಕಂಪನಿಗಳು ಲೀಸ್ ಮುಗಿಸಿ ಹಿಂತಿರುಗಿಸಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳನ್ನು ಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿತು. ಆ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಕಂಪನಿ ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತವೆ. ಒಂದು ಷರತ್ತನ್ನು ಮಾತ್ರ ಮಂಡಳಿ ಬಿಡಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದ್ದುದರಿಂದ, ಕೊಳ್ಳುವ ಯಂತ್ರಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾಗಿರಬೇಕಿತ್ತು. ಇಂಟೆಲ್ ಪ್ರೊಸೆಸರ್‌ಗಳ (ಕಂಪ್ಯೂಟರಿನ ಲೆಕ್ಕವೆಲ್ಲ ನಡೆಸುವ ಮುಖ್ಯ ಚಿಪ್‌ಗಳ) ಮಟ್ಟಿಗೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಆ ಅರ್ಹತೆ ಎಂಟನೇ ತಲೆಮಾರಿನಿಂದ ಆರಂಭವಾಗುತ್ತದೆ. ಹೀಗಾಗಿ ಕೊಟೇಶನ್‌ನಲ್ಲೂ ಬಿಲ್ಲಿನಲ್ಲೂ ಬರೆದುಕೊಂಡದ್ದು ಇಷ್ಟೇ: "ಐ5, ಎಂಟನೇ ಜನರೇಷನ್, 8 ಜಿಬಿ ರ‍್ಯಾಮ್, 24 ಯಂತ್ರಗಳು."

ಪೂರ್ತಿ ಮಾದರಿ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಐ5 ಎಂಬುದು 2009ರ ಐ5-750ಕ್ಕೂ 2023ರ ಐ5-14600ಕೆಗೂ ಸಮಾನವಾಗಿ ಅಂಟಿಕೊಂಡಿರುವ ಹೆಸರು. ನಡುವಿನ ಹದಿನಾಲ್ಕು ವರ್ಷಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದರ ಮುಂದಿನ ಅಂಕಿಗಳನ್ನು ಓದಿದಾಗಲೇ ತಲೆಮಾರು ಗೊತ್ತಾಗುತ್ತದೆ: 6500 ಆರನೆಯದು, 8500 ಎಂಟನೆಯದು, 10500 ಹತ್ತನೆಯದು. ಕೊನೆಯ ಅಕ್ಷರವೂ ಮುಖ್ಯವೇ. ಆದರೆ ಅದರ ಮಾತು ಈ ಪ್ರಕರಣದಲ್ಲಿ ಕಡೆಗೆ ಬರುತ್ತದೆ.

ಅನುಮಾನ ಹುಟ್ಟಿದ ಬಗೆ

ಯಂತ್ರಗಳು ಬಂದವು, ಚೆನ್ನಾಗಿಯೇ ಓಡಿದವು. ಎಲ್ಲದರಲ್ಲೂ ವಿಂಡೋಸ್ 11 ಹಾಕಲಾಗಿತ್ತು. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರತಿಯೊಂದೂ ತನ್ನನ್ನು ಇಂಟೆಲ್ ಕೋರ್ ಐ5-8500, 3.00 ಗಿಗಾಹರ್ಟ್ಜ್ ಎಂದೇ ಹೇಳಿಕೊಳ್ಳುತ್ತಿತ್ತು. ಕೆಲವು ಕ್ಯಾಬಿನೆಟ್‌ಗಳ ಮೇಲೆ ಎಂಟನೇ ತಲೆಮಾರಿನ ಸ್ಟಿಕ್ಕರ್ ಕೂಡ ಇತ್ತು.

ದಾಸ್ತಾನು ವಹಿಯಲ್ಲಿ ಯಂತ್ರಗಳನ್ನು ನಮೂದಿಸುವ ಕೆಲಸ ಕಂಪ್ಯೂಟರ್ ಶಿಕ್ಷಕಿಯದಾಗಿತ್ತು. ಅವರು ಹೆಸರಿನ ಜೊತೆಗೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಕಾಣುವ ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ಸಂಖ್ಯೆಯನ್ನೂ ಮೂಲ ವೇಗವನ್ನೂ ಬರೆಯುತ್ತಾ ಹೋದರು. ವಹಿಯ ನಮೂನೆಯಲ್ಲಿ ಆ ಅಂಕಣಗಳೇ ಇರಲಿಲ್ಲ. ತಾವೇ ಗೆರೆ ಹಾಕಿಕೊಂಡಿದ್ದರು. ಪ್ರಕರಣ ಬೆಳಕಿಗೆ ಬಂದದ್ದು ಆ ಎರಡು ಅಂಕಣಗಳಿಂದ. ಬಹುಪಾಲು ಯಂತ್ರಗಳಲ್ಲಿ ನಾಲ್ಕು ಕೋರ್ ಇದ್ದವು, ಮೂಲ ವೇಗ 3.2 ಗಿಗಾಹರ್ಟ್ಜ್‌ನ ಆಸುಪಾಸಿನಲ್ಲಿತ್ತು. ಇಂಟೆಲ್‌ನ ಉತ್ಪನ್ನ ವಿವರದ ಪ್ರಕಾರ ಐ5-8500ರಲ್ಲಿ ಆರು ಕೋರ್, ಆರು ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆಗಳು), 9 ಎಂಬಿ ಕ್ಯಾಷ್ (ಪ್ರೊಸೆಸರ್‌ನೊಳಗಿನ ವೇಗದ ಸ್ಮರಣೆ), 3.0 ಗಿಗಾಹರ್ಟ್ಜ್ ಮೂಲ ವೇಗ ಇರಬೇಕು. ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಅಂಕಿಗಳಿರಲು ಕಾರಣವೇನು?

ಮಾರಾಟಗಾರರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಎಷ್ಟೋ ಕಡೆ ಕೇಳಿಬರುವಂಥದ್ದೇ: "ಮೇಡಂ, ವಿಂಡೋಸ್ 11 ಓಡ್ತಾ ಇದೆ ಅಂದ್ಮೇಲೆ ಎಂಟನೇ ಜೆನ್ನೇ ಅಲ್ವಾ? ಟಿಪಿಎಂ 2.0 ಕೂಡ ಇದೆ, ನೋಡಿ ಬೇಕಾದ್ರೆ." ಈ ಎರಡು ಮಾತುಗಳೂ ನಿಜ, ಆದರೆ ಎರಡೂ ಸಾಕ್ಷ್ಯವಲ್ಲ. ಅನುಸ್ಥಾಪನೆಯ ವೇಳೆ ಪ್ರೊಸೆಸರ್ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ದಾರಿಗಳು ಎಲ್ಲ ತಂತ್ರಜ್ಞರಿಗೂ ಗೊತ್ತಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್‌ಗಳ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಾದರೋ ಆರನೇ ತಲೆಮಾರಿನ ಯಂತ್ರಗಳಲ್ಲೂ ಫರ್ಮ್‌ವೇರ್ ರೂಪದಲ್ಲಿ ಸಿಗುತ್ತದೆ. ಇನ್ನು ಸ್ಟಿಕ್ಕರ್ ನಂಬುವುದೆಂದರೆ ಡಬ್ಬದ ಮೇಲಿನ ಚೀಟಿ ನೋಡಿ ಒಳಗಿರುವುದು ತೊಗರಿಬೇಳೆಯೇ ಎಂದು ಹೇಳಿದಂತೆ.

ಮೊದಲ ಊಹೆ ಮತ್ತು ಬಯೋಸ್‌ನ ತೆರೆ

ಮೋಸವಾಗಿದೆ ಎಂದು ಶಿಕ್ಷಕಿ ತಕ್ಷಣ ತೀರ್ಮಾನಿಸಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆರು ಕೋರ್‌ಗಳಿದ್ದೂ ನಾಲ್ಕು ಮಾತ್ರ ಕಾಣಲು ನ್ಯಾಯವಾದ ಕಾರಣಗಳೂ ಇವೆ: ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶದಲ್ಲಿ, ಕೆಲವು ಕೋರ್‌ಗಳನ್ನು ನಿಲ್ಲಿಸಿರಬಹುದು, ಅಥವಾ ವಿಂಡೋಸ್‌ನ ಬೂಟ್ ಆಯ್ಕೆಯಲ್ಲಿ ಪ್ರೊಸೆಸರ್‌ಗಳ ಸಂಖ್ಯೆಗೆ ಮಿತಿ ಹಾಕಿರಬಹುದು. ಬೂಟ್ ಆಯ್ಕೆಯಲ್ಲಿ ಅಂಥ ಮಿತಿ ಇರಲಿಲ್ಲ. ಬಯೋಸ್ ನೋಡಲು ಹೋದಾಗ ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಪಾಸ್‌ವರ್ಡ್ ಕೇಳಿದವು. ಹಿಂದೆ ಬಳಸುತ್ತಿದ್ದ ಕಂಪನಿ ಹಾಕಿದ್ದ ಬೀಗವನ್ನು ಯಾರೂ ತೆಗೆದಿರಲಿಲ್ಲ. ತೆರೆದುಕೊಂಡ ಕೆಲವು ಯಂತ್ರಗಳಲ್ಲಿ ಮಾತ್ರ ಉತ್ತರ ನೇರವಾಗಿ ಎದುರಿಗೆ ನಿಂತಿತ್ತು. ವಿಂಡೋಸ್‌ನ ಒಳಗೆ 8500 ಎನ್ನುತ್ತಿದ್ದ ಅದೇ ಯಂತ್ರ ಬಯೋಸ್ ತೆರೆಯ ಮೇಲೆ ಇಂಟೆಲ್ ಕೋರ್ ಐ5-6500, 3.20 ಗಿಗಾಹರ್ಟ್ಜ್ ಎಂದು ಹೇಳುತ್ತಿತ್ತು.

ಈ ಹಂತದಲ್ಲಿ ಶಾಲೆಯವರು ನನ್ನ ನೆರವು ಕೇಳಿದರು. ಎರಡು ಹೆಸರುಗಳಲ್ಲಿ ಯಾವುದನ್ನು ನಂಬಬೇಕು, ಮತ್ತು ಬಯೋಸ್ ತೆರೆಯದ ಯಂತ್ರಗಳ ಬಗ್ಗೆ ಏನು ಹೇಳಲು ಸಾಧ್ಯ ಎಂಬುದು ಅವರ ಪ್ರಶ್ನೆ.

ಹೆಸರು ಎಲ್ಲಿಂದ ಬರುತ್ತದೆ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಸಿಪಿಯುಐಡಿ ಎಂಬ ಆದೇಶವನ್ನು ಕೊಟ್ಟಾಗ ಪ್ರೊಸೆಸರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ. ಈ ಆದೇಶವನ್ನು ಯಾವುದೇ ಸಾಮಾನ್ಯ ತಂತ್ರಾಂಶವೂ ಕೊಡಬಹುದು, ವಿಶೇಷ ಅನುಮತಿ ಬೇಕಿಲ್ಲ. ಉತ್ತರದಲ್ಲಿ ನಮಗೆ ಬೇಕಾದ ಎರಡು ಭಾಗಗಳಿವೆ. ಒಂದು, ಹದಿನಾರು ಬೈಟ್‌ಗಳಂತೆ ಮೂರು ಕಂತುಗಳಲ್ಲಿ ಬರುವ 48 ಬೈಟ್‌ಗಳ ಹೆಸರಿನ ಸಾಲು. "ಇಂಟೆಲ್ ಕೋರ್ ಐ5-6500" ಎಂಬ ಪಠ್ಯ ಅದರಲ್ಲಿರುತ್ತದೆ. ಇನ್ನೊಂದು, ಫ್ಯಾಮಿಲಿ, ಮಾಡೆಲ್, ಸ್ಟೆಪ್ಪಿಂಗ್ ಎಂಬ ಮೂರು ಸಂಖ್ಯೆಗಳು ಬೆಸೆದುಕೊಂಡಿರುವ ಸಹಿ.

ವಿಂಡೋಸ್ ಆರಂಭವಾಗುವಾಗ ಈ ಹೆಸರನ್ನು ಓದಿ ರಿಜಿಸ್ಟ್ರಿ ಎಂಬ ತನ್ನ ಮಾಹಿತಿ ಕಡತದ ಹಾರ್ಡ್‌ವೇರ್ ವಿಭಾಗದಲ್ಲಿ ಬರೆದಿಡುತ್ತದೆ. ಅಬೌಟ್ ಪುಟ ತೋರಿಸುವುದು ಆ ಬರಹವನ್ನು, ಪ್ರೊಸೆಸರ್‌ನ ಸ್ವಂತ ಉತ್ತರವನ್ನಲ್ಲ. ರಿಜಿಸ್ಟ್ರಿಯ ಆ ವಿಭಾಗ ಡಿಸ್ಕ್‌ನಲ್ಲಿ ಉಳಿಯದೆ ಪ್ರತಿ ಬೂಟ್‌ನಲ್ಲೂ ಹೊಸದಾಗಿ ಸಿದ್ಧವಾಗುವುದರಿಂದ, ಅಲ್ಲಿನ ಹೆಸರನ್ನು ಒಮ್ಮೆ ತಿದ್ದಿದರೆ ಮುಂದಿನ ಬೂಟ್‌ಗೆ ತಿದ್ದುಪಡಿ ಅಳಿಸಿಹೋಗುತ್ತದೆ. ಹಾಗಾದರೆ ದಿನವೂ ಸುಳ್ಳು ಹೆಸರು ಕಾಣಬೇಕಾದರೆ ದಿನವೂ ಯಾರೋ ಅದನ್ನು ತಿದ್ದುತ್ತಿರಬೇಕು. ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಿದಾಗ ಆ ಕೈ ಸಿಕ್ಕಿತು: ಮುದ್ರಣ ಸೇವೆಯ ಹೆಸರು ಹೊತ್ತ ಒಂದು ನಿಗದಿತ ಕೆಲಸ, ಅದರ ಹಿಂದೆ ಒಂದು ಪುಟ್ಟ ಬ್ಯಾಚ್ ಫೈಲ್ (ಆದೇಶಗಳ ಪಟ್ಟಿ), ಅದರೊಳಗೆ ಪ್ರತಿ ಕೋರ್‌ನ ಹೆಸರನ್ನೂ ಐ5-8500 ಎಂದು ಬದಲಿಸುವ ಕೆಲವೇ ಸಾಲುಗಳು.

ಇಲ್ಲಿ ಶಾಲೆ ತೆಗೆದುಕೊಂಡ ನಿರ್ಧಾರ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲೇ ಅತ್ಯಂತ ವಿವೇಕದ್ದು. ಆ ಕೆಲಸವನ್ನು ಎಲ್ಲ ಯಂತ್ರಗಳಿಂದಲೂ ಅಳಿಸಿ ನಿಜವಾದ ಹೆಸರನ್ನು ನೋಡಿಬಿಡುವ ಆಸೆ ಸಹಜವಾಗಿಯೇ ಇತ್ತು. ಮುಖ್ಯೋಪಾಧ್ಯಾಯರು ತಡೆದರು. ಒಂದು ಯಂತ್ರದಲ್ಲಿ ಮಾತ್ರ, ಎಲ್ಲದರ ಫೋಟೋ ತೆಗೆದುಕೊಂಡ ನಂತರ, ಆ ಕೆಲಸವನ್ನು ನಿಲ್ಲಿಸಿ ಮರುಬೂಟ್ ಮಾಡಲಾಯಿತು. ಅಬೌಟ್ ಪುಟದಲ್ಲಿ ಐ5-6500 ಎಂದು ಬಂತು. ಉಳಿದವನ್ನು ಮಾರಾಟಗಾರರು ಬಂದು ಕಣ್ಣಾರೆ ನೋಡುವವರೆಗೆ ಮುಟ್ಟಲಿಲ್ಲ. ಎಲ್ಲದರಲ್ಲೂ ಅಳಿಸಿಬಿಟ್ಟಿದ್ದರೆ ಅವರಿಗೆ ತೋರಿಸಬಹುದಾಗಿದ್ದ ಪುರಾವೆ ಶಾಲೆಯವರ ಕೈಯಿಂದಲೇ ನಾಶವಾಗುತ್ತಿತ್ತು.

ಒಂದೊಂದಾಗಿ ಗುರುತಿಸಿದ್ದು

ಬಯೋಸ್‌ಗೆ ಬೀಗವಿದ್ದ ಯಂತ್ರಗಳಲ್ಲಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನು ಬೂಟ್ ಮಾಡಲೂ ಆಗುತ್ತಿರಲಿಲ್ಲ. ಆದ್ದರಿಂದ ವಿಂಡೋಸ್‌ನಲ್ಲೇ, ರಿಜಿಸ್ಟ್ರಿಯನ್ನು ನಂಬದೆ ಪ್ರೊಸೆಸರ್‌ಗೆ ನೇರವಾಗಿ ಸಿಪಿಯುಐಡಿ ಆದೇಶ ಕೊಡುವ ಸಿಪಿಯು-ಝಡ್ ತಂತ್ರಾಂಶವನ್ನು ಬಳಸಿದೆವು. ಅದರಲ್ಲಿ ನೇಮ್ ಎಂಬ ಜಾಗದಲ್ಲಿರುವುದು ತಂತ್ರಾಂಶದ ಸ್ವಂತ ತೀರ್ಮಾನ; ಸ್ಪೆಸಿಫಿಕೇಶನ್ ಎಂಬ ಜಾಗದಲ್ಲಿರುವುದು ಪ್ರೊಸೆಸರ್ ಹೇಳಿಕೊಂಡ ಹೆಸರು. ಎರಡನ್ನೂ ಬೇರೆಬೇರೆಯಾಗಿ ಬರೆದುಕೊಂಡೆವು. ಜೊತೆಗೆ ಸಹಿ, ಕೋರ್‌ಗಳ ಸಂಖ್ಯೆ, ಎಲ್3 ಕ್ಯಾಷ್‌ನ ಗಾತ್ರ ಮತ್ತು ಮದರ್‌ಬೋರ್ಡಿನ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ, ಬೋರ್ಡಿನ ಮೇಲಿನ ಚಿಪ್).

ಹದಿನಾರು ಯಂತ್ರಗಳ ಸಹಿ 506ಇ3 ಎಂದಿತ್ತು. ಇದು ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಆಧಾರದ ಸಂಖ್ಯಾ ಬರಹ. ಬಿಡಿಸಿದರೆ ಫ್ಯಾಮಿಲಿ 6, ಮಾಡೆಲ್ 94, ಸ್ಟೆಪ್ಪಿಂಗ್ 3, ಅಂದರೆ 2015ರ, ಸ್ಕೈಲೇಕ್ ಎಂಬ ಆರನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್. ನಾಲ್ಕು ಕೋರ್, 6 ಎಂಬಿ ಕ್ಯಾಷ್, ಐ5-6500. ಬೋರ್ಡುಗಳ ಚಿಪ್‌ಸೆಟ್ 100 ಸರಣಿಯದು. ಚಿಪ್‌ಸೆಟ್‌ನ ಸಾಕ್ಷ್ಯಕ್ಕೆ ನಾನು ವಿಶೇಷ ಬೆಲೆ ಕೊಡುತ್ತೇನೆ. ಆರನೇ ಮತ್ತು ಎಂಟನೇ ತಲೆಮಾರುಗಳೆರಡೂ ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್ಟನ್ನು (ಪ್ರೊಸೆಸರ್ ಕೂರುವ ಜಾಗವನ್ನು) ಬಳಸಿದರೂ, ಎಂಟನೆಯದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. 100 ಸರಣಿಯ ಬೋರ್ಡಿನಲ್ಲಿ ಓಡುತ್ತಿರುವ ಪ್ರೊಸೆಸರ್ ತನ್ನನ್ನು 8500 ಎಂದುಕೊಂಡರೆ, ಬೇರೇನನ್ನೂ ನೋಡದೆ ಅನುಮಾನಿಸಬಹುದು.

ಎರಡು ಯಂತ್ರಗಳ ಸಹಿ 906ಇ9, ನಾಲ್ಕು ಕೋರ್, ಐ5-7500. ಐದು ಯಂತ್ರಗಳ ಸಹಿ 906ಇಎ, ಆರು ಕೋರ್. ಈ ಎರಡು ಸಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಪಾಯ ಕಾಣುತ್ತದೆ. ಏಳನೇ ಮತ್ತು ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳೆರಡಕ್ಕೂ ಮಾಡೆಲ್ ಸಂಖ್ಯೆ 158 ಒಂದೇ; ಬೇರೆಯಾಗುವುದು ಕೊನೆಯ ಸ್ಟೆಪ್ಪಿಂಗ್ ಅಂಕಿ ಮಾತ್ರ, ಒಂದರಲ್ಲಿ 9, ಇನ್ನೊಂದರಲ್ಲಿ 10. ಫ್ಯಾಮಿಲಿ ಮತ್ತು ಮಾಡೆಲ್ ಓದಿ ಅಲ್ಲಿಗೇ ನಿಂತವರು ವಿಂಡೋಸ್ 11ರ ಗೆರೆಯ ಯಾವ ಬದಿಯಲ್ಲಿದ್ದೇವೆ ಎಂದು ಹೇಳಲಾರರು.

ಸಹಿಗೂ ಮಿತಿಯಿದೆ. ಆ ಐದರಲ್ಲಿ ನಾಲ್ಕು ನಿಜವಾದ 8500, ಒಂದು 8400. ಎರಡಕ್ಕೂ ಸಹಿ ಒಂದೇ, ಕೋರ್ ಆರೇ, ಕ್ಯಾಷ್ 9 ಎಂಬಿಯೇ, ವ್ಯತ್ಯಾಸವಿರುವುದು 2.8 ಮತ್ತು 3.0 ಗಿಗಾಹರ್ಟ್ಜ್ ಎಂಬ ಮೂಲ ವೇಗದಲ್ಲಿ ಹಾಗೂ ಪ್ರೊಸೆಸರ್ ಹೇಳಿಕೊಳ್ಳುವ ಹೆಸರಿನಲ್ಲಿ. ಸಹಿ ಮನೆತನವನ್ನು ಹೇಳುತ್ತದೆ, ಹೆಸರಿನ ಸಾಲು ವ್ಯಕ್ತಿಯನ್ನು ಹೇಳುತ್ತದೆ. ಒಂದು ಇನ್ನೊಂದಕ್ಕೆ ಹೊಂದಿದರೆ ಮಾತ್ರ ಮಾದರಿ ಖಚಿತ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಪ್ರೊಸೆಸರ್ ಇರುವ ಯಂತ್ರಗಳ ಬಗ್ಗೆ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಕೊಡಬೇಕು: ಅಲ್ಲಿ ಹೆಸರಿನ ಸಾಲು ಇರುವ ರಿಜಿಸ್ಟರ್‌ಗಳಿಗೆ (ಪ್ರೊಸೆಸರ್‌ನೊಳಗಿನ ಪುಟ್ಟ ಸ್ಮರಣೆಯ ಜಾಗಗಳಿಗೆ) ಬಯೋಸ್ ಬರೆಯಬಲ್ಲದು. ಆದ್ದರಿಂದ ಅಲ್ಲಿ ಹೆಸರನ್ನು ಸಹಿ, ಕೋರ್ ಮತ್ತು ಕ್ಯಾಷ್‌ಗಳ ಜೊತೆಗಿಟ್ಟು ನೋಡುವುದು ಇನ್ನೂ ಹೆಚ್ಚು ಅವಶ್ಯ.

ಹೆಸರಿಲ್ಲದ ಇಪ್ಪತ್ತನಾಲ್ಕನೆಯದು

ಉಳಿದ ಒಂದು ಯಂತ್ರ ಕಂಪನಿಯ ಡೆಸ್ಕ್‌ಟಾಪ್ ಆಗಿರಲಿಲ್ಲ. ಯಾರೋ ಬಿಡಿಭಾಗಗಳಿಂದ ಜೋಡಿಸಿದ್ದು, 300 ಸರಣಿಯ ಬೋರ್ಡ್ ಇದ್ದದ್ದು. ಅದರ ಹೆಸರಿನ ಸಾಲಿನಲ್ಲಿ ಐ5 ಎಂದಾಗಲಿ 8500 ಎಂದಾಗಲಿ ಇರಲೇ ಇಲ್ಲ. "ಜೆನ್ಯೂಯಿನ್ ಇಂಟೆಲ್ ಸಿಪಿಯು 0000" ಎಂದಷ್ಟೇ ಇತ್ತು. ಸಹಿ ಮತ್ತು ಆರು ಕೋರ್‌ಗಳಿಂದ ಇದು ಎಂಟನೇ ತಲೆಮಾರಿನ ಬಳಗದ್ದು ಎಂದು ತಿಳಿಯುತ್ತಿತ್ತು. ಅದರಾಚೆಗೆ ತಂತ್ರಾಂಶದಿಂದ ಹೇಳುವಂಥದ್ದೇನೂ ಉಳಿದಿರಲಿಲ್ಲ.

ಮಾರಾಟಗಾರರ ಪ್ರತಿನಿಧಿ ಬಂದ ದಿನ, ಅವರ ಎದುರಿನಲ್ಲೇ ಈ ಯಂತ್ರವನ್ನೂ ಒಂದು 6500 ಯಂತ್ರವನ್ನೂ ಬಿಚ್ಚಲಾಯಿತು. ಕ್ಯಾಬಿನೆಟ್‌ಗೆ ವಾರಂಟಿ ಸೀಲ್ ಇದ್ದುದರಿಂದ ಅವರಿಲ್ಲದೆ ಬಿಚ್ಚಬಾರದೆಂದು ಮೊದಲೇ ಕಾದಿದ್ದೆವು. ಹೀಟ್ ಸಿಂಕ್ ತೆಗೆದು, ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದಾಗ, ಒಂದರ ಲೋಹದ ಮುಚ್ಚಳದ ಮೇಲೆ ಐ5-6500 ಎಂಬ ಅಕ್ಷರಗಳು, 3.20 ಗಿಗಾಹರ್ಟ್ಜ್ ಮತ್ತು ಎಸ್‌ಆರ್ ಎಂದು ಶುರುವಾಗುವ ಸಂಕೇತ ಸ್ಪಷ್ಟವಾಗಿ ಓದಲು ಸಿಕ್ಕವು. ಇನ್ನೊಂದರ ಮೇಲೆ ಮಾದರಿ ಸಂಖ್ಯೆಯ ಜಾಗದಲ್ಲಿ "ಇಂಟೆಲ್ ಕಾನ್ಫಿಡೆನ್ಶಿಯಲ್" ಎಂದಿತ್ತು, ಸಂಕೇತ ಕ್ಯೂ ಅಕ್ಷರದಿಂದ ಆರಂಭವಾಗಿತ್ತು. ಅದು ಎಂಜಿನಿಯರಿಂಗ್ ಸ್ಯಾಂಪಲ್: ಉತ್ಪನ್ನ ಮಾರುಕಟ್ಟೆಗೆ ಬರುವ ಮೊದಲು ಯಂತ್ರ ತಯಾರಕರಿಗೆ ಪರೀಕ್ಷೆಗೆಂದು ಕೊಡುವ ಪ್ರೊಸೆಸರ್. ಇವು ತನ್ನದೇ ಸ್ವತ್ತು, ಮಾರಾಟಕ್ಕಲ್ಲ ಎಂಬುದು ಇಂಟೆಲ್‌ನ ನಿಲುವು. ಇಂಥದ್ದಕ್ಕೆ ಅಂಗಡಿಯಲ್ಲಿ ಸಿಗುವ ಯಾವುದೋ ಮಾದರಿಯ ಹೆಸರನ್ನು ಅಂಟಿಸುವುದು ಸರಿಯಲ್ಲ. ದಾಸ್ತಾನು ವಹಿಯಲ್ಲಿ ಅದರ ಮುಂದೆ "ಮಾದರಿ ಇಲ್ಲ" ಎಂದು ಬರೆದು ಬದಿಗಿಟ್ಟರು.

ಮಾತುಕತೆ

ತಮಗೂ ಸರಕು ಸಗಟಾಗಿ ಬಂದದ್ದು, ವಿಂಡೋಸ್ ಹಾಕಿಕೊಂಡೇ ಬಂದಿತ್ತು, ಬ್ಯಾಚ್ ಫೈಲ್ ತಮಗೆ ಗೊತ್ತಿಲ್ಲ ಎಂದು ಮಾರಾಟಗಾರರು ಹೇಳಿದರು. ಅದು ನಿಜವೋ ಸುಳ್ಳೋ ನಿರ್ಧರಿಸಲು ಶಾಲೆಯ ಬಳಿ ಆಧಾರವಿರಲಿಲ್ಲ, ನಿರ್ಧರಿಸುವ ಅಗತ್ಯವೂ ಇರಲಿಲ್ಲ. ಬಿಲ್ಲಿನಲ್ಲಿ ಬರೆದದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರಕ್ಕೆ ಅವರೇ ಹೊಣೆ ಎಂಬಷ್ಟಕ್ಕೆ ಮಾತನ್ನು ಸೀಮಿತಗೊಳಿಸಿದರು. ಮಾತು ಕೆಡದಿರಲು ಈ ಸಂಯಮವೇ ಕಾರಣವೆಂದು ನನಗನ್ನಿಸುತ್ತದೆ.

ಅವರ ಮೊದಲ ಪ್ರಸ್ತಾವ ಕೇಳಲು ಉದಾರವಾಗಿತ್ತು: "ಸರ್, ಸಾಕೆಟ್ ಒಂದೇ. ಎಂಟನೇ ಜೆನ್ ಪ್ರೊಸೆಸರ್ ತಂದು ಇದೇ ಬೋರ್ಡಿಗೆ ಹಾಕಿಕೊಡ್ತೀವಿ." ಚಿಪ್‌ಸೆಟ್ ಅಂಕಣ ಆಗ ಉಪಯೋಗಕ್ಕೆ ಬಂತು. 100 ಮತ್ತು 200 ಸರಣಿಯ ಬೋರ್ಡುಗಳು ಆ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ ಎಂದು ಇಂಟೆಲ್‌ನ ಮಾಹಿತಿಯನ್ನೇ ಮುಂದಿಟ್ಟ ಮೇಲೆ ಪ್ರಸ್ತಾವ ಕೈಬಿಟ್ಟರು. ಪ್ರೊಸೆಸರ್‌ನ ಹೆಸರನ್ನಷ್ಟೇ ಪತ್ತೆಮಾಡಿ ಬೋರ್ಡನ್ನು ನೋಡದೆ ಇದ್ದಿದ್ದರೆ ಶಾಲೆ ಇದಕ್ಕೆ ಒಪ್ಪಿಬಿಡುವ ಸಾಧ್ಯತೆಯಿತ್ತು.

ಅಂತಿಮವಾಗಿ, ಸ್ಯಾಂಪಲ್ ಇದ್ದ ಯಂತ್ರವನ್ನು ಹಿಂದಕ್ಕೆ ಪಡೆದು ಹಣ ಮರಳಿಸಿದರು. ಅರ್ಹವಲ್ಲದ ಹದಿನೆಂಟರಲ್ಲಿ ಹತ್ತನ್ನು ಬದಲಿಸಿಕೊಟ್ಟರು. ಉಳಿದ ಎಂಟನ್ನು ಬೆಲೆ ಇಳಿಸಿ ಶಾಲೆಯೇ ಇಟ್ಟುಕೊಂಡಿತು. 8400 ಇದ್ದ ಯಂತ್ರದ ಬಗ್ಗೆ ತಕರಾರು ತೆಗೆಯಲಿಲ್ಲ. ಶಾಲೆಗೆ ಬೇಕಾದ ಅರ್ಹತೆ ಅದಕ್ಕಿತ್ತು, ಬಿಲ್ಲಿನಲ್ಲಿ ಮಾದರಿಯನ್ನು ಬರೆದೂ ಇರಲಿಲ್ಲ. ಗ್ರಾಹಕ ಆಯೋಗಕ್ಕೆ ಹೋಗುವ ಯೋಚನೆ ಮಂಡಳಿಯ ಸಭೆಯಲ್ಲಿ ಬಂದು, ಶಾಲೆ ಆರಂಭವಾಗುವುದರೊಳಗೆ ಲ್ಯಾಬ್ ಬೇಕೆಂಬ ಒತ್ತಡದಲ್ಲಿ ಹಿಂದೆ ಸರಿಯಿತು.

ಬದಲಿ ಯಂತ್ರಗಳನ್ನು ಶಿಕ್ಷಕಿ ಅಂಗಡಿಯಲ್ಲೇ ಪರೀಕ್ಷಿಸಿ ತಂದರು: ಮೊದಲು ಬಯೋಸ್, ನಂತರ ಪೆನ್‌ಡ್ರೈವ್‌ನ ಲಿನಕ್ಸ್‌ನಲ್ಲಿ ಪ್ರೊಸೆಸರ್‌ನ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಆದೇಶ. ಯಂತ್ರದ ಡಿಸ್ಕ್‌ನಲ್ಲಿರುವ ಯಾವ ತಂತ್ರಾಂಶವೂ ಈ ಪರೀಕ್ಷೆಯ ನಡುವೆ ಕೈಯಾಡಿಸುವಂತಿಲ್ಲ. ಎರಡು ಯಂತ್ರಗಳಲ್ಲಿ ಹೆಸರು ಐ5-8500ಟಿ ಎಂದು ಬಂತು. ಸಹಿ, ಕೋರ್, ಕ್ಯಾಷ್ ಎಲ್ಲವೂ 8500ರಂತೆಯೇ. ಆದರೆ ಟಿ ಮಾದರಿ 65ರ ಬದಲು 35 ವಾಟ್‌ಗೆ ರೂಪಿಸಿದ್ದು, ಮೂಲ ವೇಗ 2.1 ಗಿಗಾಹರ್ಟ್ಜ್. ಮಕ್ಕಳು ಪೈಥಾನ್ ಬರೆಯಲು ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ವಿದ್ಯುತ್ ಬಿಲ್ಲಿಗೆ ಅನುಕೂಲವೇ. ಒಪ್ಪಿಕೊಂಡರು, ಆದರೆ ಬಿಲ್ಲಿನಲ್ಲಿ ಟಿ ಅಕ್ಷರ ಸೇರಿಸಿ ಬರೆಸಿಕೊಂಡ ಮೇಲೆ.

ಉಳಿಸಿಕೊಂಡ ಎಂಟು ಯಂತ್ರಗಳಿಗೆ ವಿಂಡೋಸ್ 10 ಹಾಕಿ, ಶೈಕ್ಷಣಿಕ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 1 ಡಾಲರ್‌ನಂತೆ ಸಿಗುವ ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆಯಬಹುದಿತ್ತು. ಪರವಾನಗಿಯ ಕಾಗದಪತ್ರದ ಗೋಜು ಬೇಡವೆಂದು ಉಬುಂಟು ಲಿನಕ್ಸ್ ಹಾಕಿಕೊಂಡರು. ಐ5-6500 ಕೆಟ್ಟ ಪ್ರೊಸೆಸರ್ ಏನಲ್ಲ. ಅದನ್ನು ಅದರದೇ ಹೆಸರಿನಲ್ಲಿ, ಅದರದೇ ಬೆಲೆಗೆ ಮಾರಿದ್ದರೆ ಶಾಲೆ ಮೊದಲೇ ಕೆಲವನ್ನು ಕೊಳ್ಳುತ್ತಿತ್ತೇನೋ.

ಮುಂದಿನ ವರ್ಷ ಗ್ರಂಥಾಲಯಕ್ಕೆ ಬೇಕಾಗಿರುವ ನಾಲ್ಕು ಯಂತ್ರಗಳಿಗೆ ಶಾಲೆ ಸಿದ್ಧಪಡಿಸಿರುವ ಖರೀದಿ ಆದೇಶದಲ್ಲಿ ಈಗ ತಲೆಮಾರಿನ ಮಾತೇ ಇಲ್ಲ. ಕೊನೆಯ ಅಕ್ಷರವೂ ಸೇರಿದಂತೆ ಪೂರ್ಣ ಮಾದರಿ ಸಂಖ್ಯೆ, ಕೋರ್ ಮತ್ತು ಥ್ರೆಡ್‌ಗಳ ಸಂಖ್ಯೆ, ಚಿಪ್‌ಸೆಟ್‌ನ ಹೆಸರು, ಮತ್ತು "ಬಯೋಸ್ ಪಾಸ್‌ವರ್ಡ್ ತೆಗೆದು, ಡಿಸ್ಕ್ ಖಾಲಿ ಮಾಡಿ ಕೊಡತಕ್ಕದ್ದು" ಎಂಬ ಒಂದು ಸಾಲು ಇದೆ.